ಹಿಮ್ಮಡದ ಅಳತೆ

ತಾ. ೩ ಫೆಬ್ರವರಿ ೧೯೩೬, ಸೋಮವಾರ. ಬನಹಟ್ಟಿ

ತೇರದಾಳದ ನೂಲಿನ ವ್ಯಾಪಾರಿ ಧನಪಾಲ ಶೆಟ್ಟರು ಈ ಡಾಯರಿಯನ್ನು ಕೈಗಿಟ್ಟು, "ಗಿರಿಮಲ್ಲಪ್ಪಾ, ಬಾಯಿಗೆ ಬಂದದ್ದನ್ನೆಲ್ಲಾ ಇದರಾಗ ಬರೀಪಾ. ಊರ ಮಂದಿಗೆ ಸ್ವಲ್ಪ ಪುರಸೊತ್ತು ಸಿಗ್ಲಿ" ಎಂದರು. ಚೇಷ್ಟೆಯ ಮಾತು. ಆದರೂ ಡಾಯರಿ ಛಲೋ ಇದೆ, ಬಿಟ್ಟು ಬರುವಂಥದ್ದಲ್ಲ. ಕನ್ನಡ ಸಾಲಿಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದವನು ನಾನು. ನಮ್ಮ ನೇಕಾರರ ಓಣಿಯಲ್ಲಿ ಕಾಗದ ಬಂದರೆ ಓದಿಸಲು ಎಲ್ಲರೂ ನನ್ನ ಹತ್ತಿರವೇ ಬರುತ್ತಾರೆ. ಅದರಲ್ಲಿಲ್ಲದ ಎರಡು ಒಳ್ಳೆಯ ಮಾತು ಸೇರಿಸಿ ಓದುತ್ತೇನೆ. ಅವರಿಗೂ ಸಂತೋಷ, ನನಗೂ ಸಂತೋಷ.

ನಿನ್ನೆ ತಂಗಿ ಅನಸವ್ವನ ಮಗಳು ಶೇವಂತಿಯ ನಿಶ್ಚಯವಾಯಿತು. ಬೀಗರು ಮುಧೋಳದವರು. ಮದುವೆ ಮೇ ನಾಲ್ಕಕ್ಕೆ. ಶೇವಂತಿ ಮೂರು ವರ್ಷದವಳಿದ್ದಾಗ ಅವಳ ಅಪ್ಪ ಹೋದ. ಅಂದಿನಿಂದ ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು ನಾನು.

ನಮ್ಮಲ್ಲಿ ಮದುಮಗಳನ್ನು ಸೋದರಮಾವ ಎತ್ತಿಕೊಂಡು ಹಂದರದ ಜಗಲಿಗೆ ಮುಟ್ಟಿಸಬೇಕು. ದಾರಿಯಲ್ಲಿ ಅವಳ ಕಾಲು ನೆಲಕ್ಕೆ ಹತ್ತಬಾರದು. ಹತ್ತಿದರೆ ತವರಿನವರಿಗೆ ಬಲವಿಲ್ಲವೆಂದು ಬೀಗರು ಆಡಿಕೊಳ್ಳುತ್ತಾರೆ. ಆ ಮಾತು ಹುಡುಗಿಯ ಬೆನ್ನು ಬಿಡುವುದಿಲ್ಲ. ಎಲ್ಲರೂ ಮನೆಯ ಹೊಸ್ತಿಲಿನಿಂದ ಎತ್ತುತ್ತಾರೆ, ಹದಿನೆಂಟು ಹೆಜ್ಜೆ. ನಾನು ಬೀಗರೆಲ್ಲ ಕೇಳುವಂತೆ, "ಹೊಸ್ತಿಲಿಂದ ಯಾವನರೆ ಎತ್ತತಾನ. ನಾ ದ್ಯಾಮವ್ವನ ಗುಡಿಯಿಂದ ಎತ್ತತೇನಿ. ಅರವತ್ತ ಹೆಜ್ಜಿ" ಎಂದೆ.

ದೊಡ್ಡಪ್ಪನ ಮಗ ಹೊಳಬಸಪ್ಪ ಎಲೆಯಡಿಕೆ ಜಗಿಯುತ್ತಾ, "ನಡುವ ಚಹಾಕ್ಕ ಎಲ್ಲಿ ಕುಂದರತೀಪಾ?" ಎಂದ. ಎಲ್ಲರೂ ನಕ್ಕರು. ನಗಲಿ. ಸೀರೆಯ ಗಂಟು ಹೊತ್ತು ಜಮಖಂಡಿಯವರೆಗೆ ನಾಲ್ಕು ಹರದಾರಿ ಒಂದೇ ಉಸಿರಿಗೆ ನಡೆಯುವ ಗಂಡಸು ಈ ಊರಿನಲ್ಲಿ ಎಷ್ಟು ಜನ ಇದ್ದಾರೆ? ನನ್ನ ಚಪ್ಪಲಿಯ ಸಪ್ಪಳಕ್ಕೇ ಓಣಿಯ ನಾಯಿಗಳು ಎದ್ದು ನಿಲ್ಲುತ್ತವೆ. ಸಪ್ಪಳ ಬರಲೆಂದೇ ಎರಡು ಅಟ್ಟೆಗಳ ನಡುವೆ ಕಾಳಿಟ್ಟು ಹೊಲಿಸಿದ್ದೇನೆ. ಹೆಜ್ಜೆಗೊಮ್ಮೆ ಕರ್ ಕರ್.

ತಾ. ೧೧ ಫೆಬ್ರವರಿ, ಮಂಗಳವಾರ

ಬೆಳಿಗ್ಗೆ ಹಾಸಿಗೆಯಿಂದ ಇಳಿದು ಬಲಗಾಲು ಊರಿದರೆ ಹಿಮ್ಮಡಕ್ಕೆ ಯಾರೋ ಮೊಳೆ ಹೊಡೆದ ಹಾಗಾಯಿತು. ಗೋಡೆ ಹಿಡಿದು ಹತ್ತು ಹೆಜ್ಜೆ ಹಾಕಿದ ಮೇಲೆ ಸಡಿಲಾಯಿತು. ನಾಲ್ಕೈದು ದಿನದಿಂದ ಹೀಗೇ. ಹೆಂಡತಿ ಸಾವಂತ್ರೆವ್ವ ನೋಡಿಬಿಟ್ಟಳು.

"ಯಾಕ್ರಿ, ಕುಂಟಾಕತ್ತೀರಿ?"

"ಕುಂಟಾಕತ್ತಿಲ್ಲ. ಸಾವಕಾಶ ನಡಿಯಾಕತ್ತೇನಿ. ದೊಡ್ಡ ಮಂದಿ ಹಂಗ ನಡೀತಾರ."

"ದೊಡ್ಡ ಮಂದಿ ಗೋಡಿ ಹಿಡಕೊಂಡು ನಡೀತಾರೇನು?" ಎಂದಳು.

ಮುಳ್ಳು ಮುರಿದಿದೆ ಎಂದು ಹೇಳಿ ಪಾರಾದೆ.

ತಾ. ೧೯ ಫೆಬ್ರವರಿ, ಬುಧವಾರ

ಮುಳ್ಳಲ್ಲ. ಸಾವಂತ್ರೆವ್ವ ಸೂಜಿ ಹಿಡಿದು ಹುಡುಕಿದಳು, ಏನೂ ಸಿಗಲಿಲ್ಲ. ಬಿಸಿ ಇಟ್ಟಿಗೆಯ ಮೇಲೆ ಕಾಲಿಟ್ಟೆ, ಚರ್ಮ ಸುಟ್ಟಿತು, ನೋವು ಹಾಗೇ ಇದೆ. ನೋವು ಸೋಮಾರಿಯಾದದ್ದು, ಹೆಚ್ಚು ನಡೆದರೆ ತಾನೇ ದಣಿದು ಹೋಗುತ್ತದೆ ಎಂದು ರಬಕವಿಗೆ ಎರಡು ಸಲ ಹೋಗಿ ಬಂದೆ. ದಣಿದವನು ನಾನು.

ತಾ. ೨೪ ಫೆಬ್ರವರಿ, ಸೋಮವಾರ

ಇದನ್ನು ಯಾರೂ ಓದಬಾರದು.

ಕಾಲು ಮುಂದಾಗಿ ಹುಟ್ಟಿದವರಿಂದ ನೋವಿನ ಜಾಗ ತುಳಿಸಿಕೊಂಡರೆ ನೋವು ಹೋಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ನಾನೂ ನಂಬುತ್ತೇನೆ. ತೊಂದರೆ ಎಂದರೆ ನಮ್ಮ ಓಣಿಯಲ್ಲಿ ಹಾಗೆ ಹುಟ್ಟಿದವನು ಹೊಳಬಸಪ್ಪ ಒಬ್ಬನೇ.

ಅವನ ಮನೆಯ ಹಿತ್ತಲಿಗೆ ಹೋಗಿ ಬೋರಲು ಮಲಗಿದೆ. ಅವನು ಧೋತರ ಎತ್ತಿ ಕಟ್ಟಿ, ಕಾಲು ತೊಳೆದು, ದೇವರ ಕೆಲಸಕ್ಕೆ ಬಂದವನ ಹಾಗೆ ನಿಂತು, "ಎಷ್ಟ ಸಲ ತುಳೀಲಿ?" ಎಂದ.

"ಮೂರ ಸಲ. ಹಗೂರಕ."

"ಅರವತ್ತ ಹೆಜ್ಜಿ ನಡಿಯೂ ಕಾಲು. ಹಗೂರಕ ತುಳದ್ರ ಅದಕ್ಕ ತಿಳೀತೈತೇನು?" ಎಂದು ಇಡೀ ಭಾರ ಬಿಟ್ಟ.

ನಾನು ಕೂಗಲಿಲ್ಲ. ಕೂಗಿದ್ದು ಬೇಲಿಯಾಚೆಯ ಕೋಳಿ ಎಂದು ಅವನ ಹೆಂಡತಿಗೆ ಹೇಳಿದ್ದೇನೆ. ಮನೆಗೆ ಬರಲು ಅರ್ಧ ತಾಸು ಹಿಡಿಯಿತು.

ತಾ. ೨ ಮಾರ್ಚ್, ಸೋಮವಾರ

ಗಂಟು ಹೊತ್ತು ಜಮಖಂಡಿಗೆ ಹೊರಟೆ. ಒಂದೂವರೆ ಹರದಾರಿಗೆ ಬೇವಿನ ಗಿಡದ ಕೆಳಗೆ ಕೂತವನಿಗೆ ಏಳಲಾಗಲಿಲ್ಲ. ಚಿಮ್ಮಡದ ಕಡೆಯ ಒಂದು ಗಾಡಿ ಸಿಕ್ಕಿ ತಿರುಗಿ ಬಂದೆ. ಗಾಡಿಯವನು ಯಾಕೆಂದು ಕೇಳಿದ. ಎತ್ತುಗಳನ್ನು ಕೊಳ್ಳುವವನಿದ್ದೇನೆ, ನಡಿಗೆ ನೋಡಬೇಕು ಎಂದೆ. ಪಾಪ, ದಾರಿಯುದ್ದಕ್ಕೂ ಎತ್ತುಗಳ ಗುಣ ಹೇಳುತ್ತಾ ಬಂದ.

ಮಗ್ಗದ ಕುಣಿಯಲ್ಲಿ ಕೂತು ಕೆಳಗಿನ ಕೋಲು ತುಳಿಯಲೂ ಈಗ ಎಡಗಾಲೇ ಬೇಕು. ಬಟ್ಟೆಯ ಹೊಡೆತ ಎಲ್ಲಿ ಗಟ್ಟಿ, ಎಲ್ಲಿ ಸಡಿಲು ಎಂಬುದು ನನ್ನ ಕಣ್ಣಿಗೆ ಕಾಣುತ್ತದೆ. ಬೇರೆಯವರಿಗೆ ಕಾಣದಿರಲಿ.

ತಾ. ೬ ಮಾರ್ಚ್, ಶುಕ್ರವಾರ

ತಪ್ಪು ಕಾಲಿನದಲ್ಲ, ಚಪ್ಪಲಿಯದು ಎಂದು ಹೊಳೆಯಿತು. ಇಂಥದ್ದು ನನಗೇ ಹೊಳೆಯಬೇಕು. ಅಟ್ಟೆ ಸವೆದಿದೆ, ದಪ್ಪ, ಬಿರುಸಾದ ಅಟ್ಟೆ ಬೇಕು.

ಸಮಗಾರರ ಲಗಮಿಯ ಗುಡಿಸಲಿಗೆ ಹೋದೆ. ಮುದುಕಿ, ಅರವತ್ತು ದಾಟಿದೆ, ಆದರೆ ಅವಳ ಹೊಲಿಗೆ ಹರಿದದ್ದನ್ನು ನಾನು ಕಂಡಿಲ್ಲ. ಅಂಗಳದ ಅಂಚಿನಲ್ಲಿ ನಿಂತು ಹಳೆಯ ಜೋಡನ್ನು ಅವಳ ಮುಂದೆ ಒಗೆದು, "ಲೇ ಲಗಮಿ, ಮೂರ ಅಟ್ಟಿ ಹಾಕು. ಸಪ್ಪಳ ದ್ಯಾಮವ್ವನ ಗುಡಿತನಕ ಕೇಳಬೇಕು" ಎಂದೆ.

ಅವಳು ಚಪ್ಪಲಿ ತಿರುಗಿಸಿ ನೋಡಿದಳು. ಬಲದ್ದರ ಹಿಮ್ಮಡದ ಒಳಬದಿಗೆ ಬೆರಳಾಡಿಸಿದಳು. "ಅಪ್ಪಾರ, ಮುಂಜಾನೆ ಎದ್ದಾಗ ಭಾಳ ನೋಯತೈತೇನ್ರಿ?"

ಸಾವಂತ್ರೆವ್ವ ಹೇಳಿರಬೇಕು. "ನಿನಗ್ಯಾಕ ಅದು? ಅಳತಿ ತಗೋ" ಎಂದೆ.

ಅಳತೆ ನಮ್ಮ ರೂಢಿಯ ಹಾಗೆ. ಅವಳು ದೂಳನ್ನು ಸಮ ಮಾಡಿ ಹಿಂದೆ ಸರಿದಳು, ನಾನು ಬಂದು ಪಾದ ಒತ್ತಿ ಹಿಂದೆ ಸರಿದೆ, ಅವಳು ಬಂದು ದಾರದಿಂದ ಗುರುತು ಅಳೆದಳು. ಮೈಲಿಗೆ ಇಲ್ಲ, ತಕರಾರು ಇಲ್ಲ.

ತಾ. ೧೪ ಮಾರ್ಚ್, ಶನಿವಾರ

ಹೊಸ ಚಪ್ಪಲಿ ಗಾಡಿಯ ಗಾಲಿಯಷ್ಟು ಬಿರುಸಾಗಿದೆ. ಸಪ್ಪಳಕ್ಕೆ ಎರಡು ಮಾತಿಲ್ಲ. ನೋವಿಗೂ ಇಲ್ಲ. ಮೊದಲು ಮೊಳೆ ಇದ್ದದ್ದು ಈಗ ಗೂಟವಾಗಿದೆ.

ಹೋಗಿ ಬೈದೆ. "ಎಂಥಾ ಅಳತಿ ತಗೊಂಡೀ? ಕಣ್ಣ ಕಾಣಸ್ತಾವೋ ಇಲ್ಲೋ?"

ಲಗಮಿ ಅರೆ ಹೊಲಿದ ಪಟ್ಟಿಯನ್ನು ತೊಡೆಯ ಮೇಲಿಟ್ಟು ತಲೆ ಎತ್ತಿದಳು. "ನೀವು ಕೇಳಿದ್ದ ಮಾಡೇನ್ರಿ. ದೂಳಿನ್ಯಾಗ ಪಾದದ ಉದ್ದ ಸಿಗತೈತಿ, ಅಗಲ ಸಿಗತೈತಿ. ನೋವು ಎಲ್ಲೈತಿ ಅಂತ ದೂಳು ಹೇಳೂದಿಲ್ರಿ. ಅದನ್ನ ಹೆಬ್ಬಟ್ಟಿಲೆ ಒತ್ತಿ ನೋಡಬೇಕಾಗತೈತಿ."

"ಅಂದ್ರ ನನ್ನ ಕಾಲು ನೀ ಹಿಡೀಬೇಕೇನು?"

"ಚಪ್ಪಲಿ ನನ್ನ ಕೈಯಾಗ ಬರತೈತಿ, ಕಾಲು ಬರೂದಿಲ್ಲ. ನೋವು ಯಾವುದರಾಗ ಐತ್ರಿ ಅಪ್ಪಾರ?" ಎಂದು ಮತ್ತೆ ಹೊಲಿಗೆಗೆ ಬಿದ್ದಳು.

ಏನು ಸೊಕ್ಕು. ಉತ್ತರ ನನಗೆ ತಕ್ಷಣ ಹೊಳೆದಿತ್ತು, ಆದರೆ ದಾರಿಗೆ ಬಂದ ಮೇಲೆ ಹೊಳೆಯಿತು.

ತಾ. ೧೫ ಮಾರ್ಚ್, ಭಾನುವಾರ

ಉತ್ತರ ಇನ್ನೂ ಸರಿಯಾಗಿ ಹೊಳೆದಿಲ್ಲ.

ತಾ. ೨೧ ಮಾರ್ಚ್, ಶನಿವಾರ

ಇವತ್ತು ಆಗಬಾರದ್ದು ಆಯಿತು.

ಅನಸವ್ವನ ಅಂಗಳದಲ್ಲಿ ಹೊಳಬಸಪ್ಪ ಕೂತಿದ್ದ. ಮಾತಿಗೆ ಮಾತು ಬಂದು, "ಈಗ ಎತ್ತಿ ತೋರಸು" ಎಂದ. ಶೇವಂತಿ, "ಬ್ಯಾಡ್ರಿ ಮಾಮಾ, ಮದುವಿ ದಿನ ಎತ್ತೀರಂತ" ಎಂದಳು. ನಾನು ಕೇಳುವವನೇ? ಎತ್ತಿದೆ. ಹುಡುಗಿ ಹಗುರ, ತೋಳಿಗೆ ಭಾರವೇ ಆಗಲಿಲ್ಲ. ನಾಲ್ಕು ಹೆಜ್ಜೆ ಹೋದೆ. ಐದನೆಯದಕ್ಕೆ ಹಿಮ್ಮಡದಿಂದ ಮೀನಖಂಡದವರೆಗೆ ಬೆಂಕಿ ಹತ್ತಿತು. ಮೊಳಕಾಲು ತಾನೇ ಮಡಚಿತು. ಶೇವಂತಿಯ ಎರಡೂ ಪಾದ ನೆಲಕ್ಕೆ ಬಿದ್ದವು. ಅವಳು ನನ್ನ ಭುಜ ಹಿಡಿದಳು, ಇಲ್ಲದಿದ್ದರೆ ನಾನೂ ಬೀಳುತ್ತಿದ್ದೆ.

ಹೊಳಬಸಪ್ಪ ನಗಲಿಲ್ಲ. ನಕ್ಕಿದ್ದರೆ ಛಲೋ ಇತ್ತು.

ಅನಸವ್ವ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಆಮೇಲೆ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು. "ಅಣ್ಣಾ, ಬೀಗರ ಮುಂದ ಹಿಂಗಾದ್ರ ನನ್ನ ಮಗಳಿಗೆ ಜನ್ಮಪೂರ್ತಿ ಮಾತು ಕೇಳೂದು ಬರತೈತಿ. ಹೊಳಬಸಪ್ಪಣ್ಣನೂ ಸೋದರಮಾವನ ಅಲ್ಲೇನು? ಅವಾ ಎತ್ತಲಿ."

"ಆತು ಬಿಡು" ಎಂದೆ.

ಶೇವಂತಿ ಬಾಗಿಲವರೆಗೆ ಬಂದಳು. "ಮಾಮಾ, ನೀವು ಎತ್ತಿದ್ರ ಎತ್ತರಿ, ಇಲ್ಲಂದ್ರ ನಾ ನಡಕೋತ ಹೋಗತೇನಿ. ಕಾಕಾನ ತೋಳಾಗ ಕುಂದರೂದಿಲ್ಲ." ಹೊಳಬಸಪ್ಪನನ್ನು ಅವಳು ಸಣ್ಣಂದಿನಿಂದಲೂ ಮಾಮಾ ಎನ್ನದೆ ಕಾಕಾ ಎಂದೇ ಕರೆಯುವುದು.

ನಡೆದು ಹೋದ ಮದುಮಗಳ ಬಗ್ಗೆ ಬೀಗರು ಏನೆನ್ನುತ್ತಾರೆ ಎಂಬುದು ನನಗೆ ಗೊತ್ತಿದೆ.

ತಾ. ೨೨ ಮಾರ್ಚ್, ಭಾನುವಾರ

ಬೆಳಿಗ್ಗೆ ಯಾರೂ ಇಲ್ಲದ ಹೊತ್ತು ನೋಡಿ ಲಗಮಿಯ ಗುಡಿಸಲಿಗೆ ಹೋದೆ. ಅವಳು ತೊಟ್ಟಿಯಲ್ಲಿ ಚರ್ಮ ನೆನೆಹಾಕುತ್ತಿದ್ದಳು. ಜಾಲಿಯ ತೊಗಟೆಯ ವಾಸನೆ. ಕಲ್ಲಿನ ಮೇಲೆ ಕೂತು ಬಲಗಾಲು ಮುಂದೆ ಚಾಚಿದೆ.

ಅವಳು ಕಾಲನ್ನು ನೋಡಿದಳು, ನನ್ನ ಮುಖ ನೋಡಿದಳು. "ವಿಚಾರ ಮಾಡೀರೇನ್ರಿ? ಮನಿಗೆ ಹೋಗಿ ಜಳಕ ಮಾಡಬೇಕಾಗತೈತಿ."

"ಜಳಕ ದಿನಾ ಮಾಡತೇನಿ. ನೀ ನೋಡು."

"ತಡೀರಿ" ಎಂದು ಒಳಗೆ ಹೋಗಿ ಕೈ ತೊಳೆದುಕೊಂಡು ಬಂದಳು. ನನ್ನ ಕಾಲು ಮುಟ್ಟಲು ಅವಳು ಕೈ ತೊಳೆದಳು. ಚರ್ಮದ ಕೈ ಎಂದು ತೊಳೆದಳೋ, ನನ್ನ ಕಾಲಿನ ದೂಳಿಗೆ ಅಂಜಿ ತೊಳೆದಳೋ ಗೊತ್ತಾಗಲಿಲ್ಲ. ಕೇಳಲು ಧೈರ್ಯ ಬರಲಿಲ್ಲ.

ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ಹೆಬ್ಬೆರಳು ಚರ್ಮದಂತೆಯೇ ಗಟ್ಟಿ. ಬೆರಳ ಬುಡದಿಂದ ಒತ್ತುತ್ತಾ ಬಂದು ಅಂಗಾಲಿನ ಗುಂಡಿ ದಾಟಿ ಹಿಮ್ಮಡದ ಒಳಬದಿಗೆ ಬಂದಾಗ ನಾನು ಕಲ್ಲಿನಿಂದ ಒಂದು ಗೇಣು ಎದ್ದೆ.

"ಇಲ್ಲೇ ಐತ್ರಿ" ಎಂದಳು. "ಹಿಮ್ಮಡದಿಂದ ಬೆರಳತನಕ ಒಂದು ನರ ಬಿಗದೈತಿ, ಮಗ್ಗದ ಹಾಸು ಬಿಗದಂಗ. ರಾತ್ರಿಯೆಲ್ಲಾ ಅದು ಕುಗ್ಗತೈತಿ. ಮುಂಜಾನೆ ನೀವು ಒಮ್ಮೆಲೇ ಎದ್ದು ತುಳದ್ರ ಎಳಿ ಎಳಿ ಹರೀತೈತಿ. ಹಾಸು ಬಿಗಿ ಆದ್ರ ನೀವೇನ ಮಾಡತೀರಿ? ಒದೀತೀರೇನು?"

"ಸಾವಕಾಶ ಸಡಿಲ ಮಾಡತೇನಿ."

"ಮತ್ತ ಕಾಲೇನ ಪಾಪ ಮಾಡೈತ್ರಿ?"

ಹೊಳಬಸಪ್ಪ ತುಳಿದದ್ದನ್ನೂ ಹೇಳಿದೆ. ಲಗಮವ್ವ ಮುಖ ತಿರುಗಿಸಿ ಬಹಳ ಹೊತ್ತು ನಕ್ಕಳು. ನಗುವಾಗ ಅವಳ ಬಾಯಲ್ಲಿ ಎರಡೇ ಹಲ್ಲು.

ಆಮೇಲೆ ಹೇಳಿದ್ದು ಇಷ್ಟು. ಹಾಸಿಗೆಯಲ್ಲಿ ಕೂತಿರುವಾಗಲೇ ಬೆರಳಿಗೆ ಬಟ್ಟೆಯ ಪಟ್ಟಿ ಹಾಕಿ ತನ್ನ ಕಡೆಗೆ ಎಳೆದು ಇಪ್ಪತ್ತು ಎಣಿಸಬೇಕು, ಹಾಗೆ ಐದು ಸಲ. ಆಮೇಲೆ ಕಾಲು ಇಳಿಸಬೇಕು. ಸಂಜೆ ಉರುಟು ಕಟ್ಟಿಗೆಯ ಮೇಲೆ ಅಂಗಾಲು ಉರುಳಿಸಬೇಕು. ಬರಿಗಾಲಲ್ಲಿ ಕಲ್ಲಿನ ಮೇಲೆ ನಿಲ್ಲಬಾರದು. ಗಂಟು ಹೊರುವುದು ಮದುವೆಯವರೆಗೆ ಬಂದ್. ಮನೆಯೊಳಗೆ ಚರ್ಮ ಬರುವುದಿಲ್ಲವೆಂದು ಕಂಬಳಿಯ ತುಂಡನ್ನು ಪದರ ಪದರವಾಗಿ ಹೊಲಿದು, ನೋಯುವ ಜಾಗದಲ್ಲಿ ಕುಳಿ ಬಿಟ್ಟು, ಹಿಮ್ಮಡಕ್ಕೆ ಕಟ್ಟಿಕೊಳ್ಳುವ ಮೆತ್ತೆ ಮಾಡಿಕೊಡುತ್ತಾಳಂತೆ. ಹೊರಗೆ ಹಾಕಲು ಬೇರೆ ಚಪ್ಪಲಿ. ಎಣ್ಣೆ ಕುಡಿಸಿದ ಮೆತ್ತನೆಯ ಅಟ್ಟೆ, ಹಿಮ್ಮಡ ಸ್ವಲ್ಪ ಎತ್ತರ, ಅಂಗಾಲಿನ ಗುಂಡಿಗೆ ಆಸರೆ.

"ಸಪ್ಪಳ?" ಎಂದೆ.

"ಸಪ್ಪಳ ಬಾಯಾಗ ಮಾಡ್ರಿ, ಅದು ನಿಮಗ ಬರತೈತಿ" ಎಂದಳು.

ಮನೆಗೆ ಬಂದೆ. ಜಳಕ ಬೆಳಿಗ್ಗೆಯೇ ಆಗಿತ್ತು. ಒಂದೇ ದಿನ ಎರಡು ಸಲ ನೀರು ಸೇದುವುದು ಕಾಲಿಗೆ ಒಳ್ಳೆಯದಲ್ಲ.

ತಾ. ೧ ಏಪ್ರಿಲ್, ಬುಧವಾರ

ಎಳೆದೆ. ಉರುಳಿಸಿದೆ. ನೋವಿದೆ. ಹತ್ತು ದಿನವಾಯಿತು. ಲಗಮವ್ವನಿಗೆ ಹೇಳಿದರೆ, "ಎಷ್ಟ ವರ್ಷ ಬಿರುಸು ಅಟ್ಟಿ ತುಳದೀರಿ?" ಎಂದು ಕೇಳಿದಳು. ಇಪ್ಪತ್ತು ಎಂದೆ. "ಮತ್ತ ಹತ್ತ ದಿನಕ್ಕ ಹೋಗಂದ್ರ ಅದಕ್ಕೂ ಮಾನ ಐತಿ" ಎಂದಳು.

ತಾ. ೧೨ ಏಪ್ರಿಲ್, ಭಾನುವಾರ

ಇವತ್ತು ಗೋಡೆ ಹಿಡಿಯಲಿಲ್ಲ. ಮಗ್ಗದ ಕುಣಿಗೆ ಇಳಿದ ಮೇಲೆಯೇ ಅದು ನೆನಪಾಯಿತು.

ಹೊಸ ಚಪ್ಪಲಿ ಬಂತು. ಮೂರು ಸಲ ಬಿಚ್ಚಿ ಹೊಲಿದಳು, ಮೂರು ಸಲವೂ ಕಾಲು ಹಿಡಿದು ನೋಡಿದಳು. ಹಾಕಿದರೆ ಹಿಮ್ಮಡ ಅಂಗೈಯಲ್ಲಿ ಕೂತ ಹಾಗೆ. ಸಪ್ಪಳವೇ ಇಲ್ಲ. ಸಾವಂತ್ರೆವ್ವನ ಹಿಂದೆ ಹೋಗಿ ನಿಂತರೂ ಅವಳಿಗೆ ತಿಳಿಯಲಿಲ್ಲ. ಹೆದರಿಸಿದೆ. ಕೈಯಲ್ಲಿದ್ದ ಹಿಟ್ಟನ್ನೆಲ್ಲ ನನ್ನ ಮುಖಕ್ಕೆ ಹೊಡೆದಳು.

ರಬಕವಿಯಿಂದ ಬಂದ ಒಬ್ಬ ನೇಕಾರ ಚಪ್ಪಲಿ ನೋಡಿ ಕೇಳಿದ. ಬಟ್ಟೆಯ ಪಟ್ಟಿ ಎಳೆಯುವ ಯುಕ್ತಿ ನಾನೇ ಕಂಡುಹಿಡಿದದ್ದು ಎಂದೆ. ಚಪ್ಪಲಿ ಮಾತ್ರ ಲಗಮವ್ವನದು ಎಂದೆ. ಅವನು ಹೋದ ಮೇಲೆ ಪಟ್ಟಿಯ ಮಾತೂ ಅವಳದೇ ಎನ್ನಬೇಕಿತ್ತು ಅನಿಸಿತು. ಅವನು ಆಗಲೇ ದೂರ ಹೋಗಿದ್ದ.

ತಾ. ೨೦ ಏಪ್ರಿಲ್, ಸೋಮವಾರ

ಶೇವಂತಿಯಷ್ಟು ತೂಕದ ಜೋಳದ ಚೀಲ ಎತ್ತಿ ಹಿತ್ತಲಲ್ಲಿ ನಡೆದು ನೋಡಿದೆ. ಮೂವತ್ತು ಹೆಜ್ಜೆಗೆ ಹಿಮ್ಮಡ ಮಾತಾಡಿತು. ಲಗಮವ್ವನನ್ನು ಕೇಳಿದೆ. "ಹದಿನೆಂಟು ಆಗತಾವ್ರಿ. ಅರವತ್ತು ನಿಮ್ಮ ನಾಲಿಗಿ ನಡೀಲಿ, ಕಾಲು ಬ್ಯಾಡ" ಎಂದಳು.

ಸಂಜೆ ಅನಸವ್ವನ ಮನೆಗೆ ಹೋದೆ. ಹೊಳಬಸಪ್ಪನೂ ಇದ್ದ. "ನಾ ಹೊಸ್ತಿಲಿಂದ ಎತ್ತತೇನಿ. ಹದಿನೆಂಟು ಹೆಜ್ಜಿ. ಅರವತ್ತಂದಿದ್ದು ಸುಳ್ಳ ಬಡಿವಾರ" ಎಂದೆ. ಎಲ್ಲರೂ ನನ್ನ ಕಾಲು ಬಿಟ್ಟು ಬಾಯಿ ನೋಡಿದರು. ನನ್ನ ಬಾಯಿಂದ ಇಂಥ ಮಾತು ಅವರು ಕೇಳಿರಲಿಲ್ಲ, ಕಾಲಿಗಿಂತ ಬಾಯಿಗೇ ಏನೋ ಆಗಿದೆ ಎಂದುಕೊಂಡಿರಬೇಕು.

"ಆಕಿ ಕಾಲು ನೆಲಕ್ಕ ಹತ್ತಿದ್ರ?" ಎಂದಳು ಅನಸವ್ವ.

"ಹೊಳಬಸ್ಯಾ ನನ್ನ ಮಗ್ಗಲಕ್ಕ ನಡೀಲಿ. ನನ್ನ ಮೊಳಕಾಲು ನಡಗಿದ್ರ ಅವನ ತಗೊಳ್ಳಲಿ" ಎಂದೆ. ಶೇವಂತಿ ಏನೋ ಹೇಳಲು ಹೋದಳು. "ಸುಮ್ನಿರು ಬೇ. ನಿನ್ನ ಕಾಲಿನಕಿಂತ ನನ್ನ ಮಾನ ದೊಡ್ಡದಲ್ಲ" ಎಂದೆ.

ಹೊಳಬಸಪ್ಪ ಎಲೆಯಡಿಕೆಯ ಚಂಚಿಯನ್ನು ಮೊದಲು ನನ್ನ ಕಡೆ ಸರಿಸಿದ.

ತಾ. ೪ ಮೇ, ಸೋಮವಾರ

ಮದುವೆ ಮುಗಿಯಿತು.

ಬೆಳಿಗ್ಗೆ ಎದ್ದು ಎಂದಿಗಿಂತ ಎರಡು ಸಲ ಹೆಚ್ಚು ಎಳೆದೆ. ಹಂದರಕ್ಕೆ ಚಪ್ಪಲಿ ಇಲ್ಲ, ಕಂಬಳಿಯ ಮೆತ್ತೆ ಕಟ್ಟಿಕೊಂಡೆ. ಧೋತರದ ಕೆಳಗೆ ಕಾಣುತ್ತಿತ್ತು. ಮುಚ್ಚಲು ಹೋಗಲಿಲ್ಲ. ಮುಚ್ಚಿದರೆ ಎಡವುತ್ತೇನೆ.

ಹೊಸ್ತಿಲಲ್ಲಿ ಶೇವಂತಿಯನ್ನು ಎತ್ತಿದೆ. ಹೊಳಬಸಪ್ಪ ಬಲಮಗ್ಗಲಿಗೆ. ಇಡೀ ಪಾದ ಒಟ್ಟಿಗೆ ಇಡಬೇಕು, ಸಣ್ಣ ಹೆಜ್ಜೆ, ಅವಸರವಿಲ್ಲ. ಲಗಮವ್ವ ಕಲಿಸಿದ್ದೆಲ್ಲ ಮನಸ್ಸಿನಲ್ಲಿ ಅನ್ನುತ್ತಾ ಎಣಿಸಿದೆ. ಹನ್ನೆರಡಕ್ಕೆ ಹಿಮ್ಮಡ ಚುಚ್ಚಿತು.

"ಮಾಮಾ, ನೋಯಾಕತ್ತೈತೇನ್ರಿ?" ಎಂದು ಕಿವಿಯಲ್ಲಿ ಕೇಳಿದಳು.

"ಎಣಿಸಾಕತ್ತೇನಿ, ಮಾತಾಡಸಬ್ಯಾಡ."

ಹದಿನಾಲ್ಕು. ಹೊಳಬಸಪ್ಪನ ಕೈ ಮುಂದೆ ಬಂತು. ಕಣ್ಣಲ್ಲೇ ಬೇಡ ಎಂದೆ. ಹದಿನಾರು. ನಿಂತೆ. ಬೀಗರೆಲ್ಲ ನೋಡುತ್ತಿದ್ದರು. ನೋಡಲಿ ಎಂದು ಒಂದು ಉಸಿರು ತೆಗೆದುಕೊಂಡೆ. ಹದಿನೇಳು, ಹದಿನೆಂಟು. ಜಗಲಿಯ ಮೇಲಿನ ಹೊಸ ಸೀರೆಯ ಮೇಲೆ ಕೂರಿಸಿದೆ. ಅವಳ ಅಂಗಾಲಿಗೆ ಹಚ್ಚಿದ ಅರಿಸಿಣ ಹಚ್ಚಿದಂತೆಯೇ ಇತ್ತು. ಅನಸವ್ವ ಕಂಬಕ್ಕೆ ಒರಗಿ ಅತ್ತಳು.

ಹಿರಿಯ ಬೀಗರು ನನ್ನ ಕಾಲು ನೋಡಿ, "ಇದೇನ್ರಿ ಮಾವಾರ, ಕಂಬಳಿ ಕಟಗೊಂಡು ಬಂದೀರಿ?" ಎಂದರು.

ಹೇಳಲು ನನ್ನ ಹತ್ತಿರ ಮೂರು ಕಥೆ ತಯಾರಿದ್ದವು. ಒಂದರಲ್ಲಿ ಹುಲಿ ಇತ್ತು. "ಹಿಮ್ಮಡ ಬ್ಯಾನಿ ಇತ್ರಿ. ಸಮಗಾರರ ಲಗಮವ್ವ ಕಾಲು ಹಿಡದು ನೋಡಿ ಮಾಡಿಕೊಟ್ಟಾಳ. ಅಕಿ ಇಲ್ಲಂದ್ರ ಇವತ್ತು ನಿಮ್ಮ ಸೊಸಿ ನಡಕೋತ ಬರತಿದ್ಲು" ಎಂದೆ. ನಮ್ಮ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು. ಬೀಗರು, "ನನಗೂ ಎಡದ್ದು ನೋಯತೈತಿ. ಎಲ್ಲದಾಳ?" ಎಂದು ಕೇಳಿದರು.

ಅವಳು ಹಂದರದ ಹೊರಗೆ ಬೇವಿನ ಕೆಳಗಿದ್ದಳು. ಎಲ್ಲರದೂ ಆದ ಮೇಲೆ ಊಟಕ್ಕೆ ಎಂದು ಬುಟ್ಟಿ ಹಿಡಿದು ಕಾಯುತ್ತಿದ್ದಳು.

ಪಂಕ್ತಿ ಹಾಕಿದರು. ಒಳಗೆ ಮಂಡಿ ಮಡಚಿ ಕೂತರೆ ಏಳುವಾಗ ಹಿಮ್ಮಡ ಹಿಡಿಯುತ್ತದೆ. ಬೇವಿನ ಕೆಳಗಿನ ಕಲ್ಲು ನನ್ನ ಕಾಲಿಗೆ ಸರಿಯಾದ ಎತ್ತರ. ಅದಕ್ಕೇ ಎರಡು ಎಲೆ ಹಿಡಿದುಕೊಂಡು ಅಲ್ಲಿಗೆ ಹೋಗಿ, ಒಂದನ್ನು ಲಗಮವ್ವನ ಮುಂದೆ ಹಾಸಿ, ಒಂದನ್ನು ನನ್ನ ಮುಂದೆ ಹಾಸಿ ಕೂತೆ.

"ಅಪ್ಪಾರ, ಒಳಗ ಹೋಗ್ರಿ. ಮಂದಿ ನೋಡಾಕತ್ತೈತಿ" ಎಂದಳು.

"ಹದಿನೆಂಟು ಹೆಜ್ಜಿ ನಡದೇನಿ. ಇನ್ನ ನಡ್ಯಾಕ ಆಗೂದಿಲ್ಲ."

"ಇಲ್ಲಿತನಕ ನಡದೇ ಬಂದೀರಲ್ರಿ" ಎಂದಳು. ಇದಕ್ಕೂ ಉತ್ತರ ಇದೆ, ನಾಳೆ ಬರೆಯುತ್ತೇನೆ.

ಒಳಗಿನಿಂದ ಯಾರೋ ನನ್ನ ಹೆಸರು ಹಿಡಿದು ಕೂಗಿದರು. ಮತ್ತೊಮ್ಮೆ ಕೂಗಿದರು. ಆಮೇಲೆ ಹೊಳಬಸಪ್ಪನ ದನಿ ಕೇಳಿತು: "ಅವನ ಕಾಲು ಛಲೋ ಇಲ್ಲ, ಅಲ್ಲೇ ಕುಂದರಲಿ ಬಿಡ್ರಿ."

ಬಡಿಸುವವರು ಹಂದರದ ಅಂಚಿಗೆ ಬಂದು ನಿಂತುಬಿಟ್ಟರು. ಆಗ ಅನಸವ್ವ ತಾನೇ ಹೋಳಿಗೆಯ ಬುಟ್ಟಿ, ತುಪ್ಪದ ತಂಬಿಗೆ ತೆಗೆದುಕೊಂಡು ಬಂದಳು. ಎರಡು ಎಲೆಗಳ ನಡುವೆ ಒಂದು ಗಳಿಗೆ ನಿಂತಳು. ನಾನು ತಲೆ ಎತ್ತಲಿಲ್ಲ. ಅವಳು ಬಗ್ಗಿ ಲಗಮವ್ವನ ಎಲೆಗೆ ಮೊದಲು ಹೋಳಿಗೆ ಇಟ್ಟಳು, ಧಾರಾಳವಾಗಿ ತುಪ್ಪ ಸುರಿದಳು. ಆಮೇಲೆ ನನ್ನ ಎಲೆಗೆ ಬಂದಳು. ಅಷ್ಟರಲ್ಲಿ ತಂಬಿಗೆಯಲ್ಲಿ ಉಳಿದದ್ದು ಸ್ವಲ್ಪ.

ನಾನು ಇನ್ನಷ್ಟು ಬೇಕೆಂದು ಕೇಳಲಿಲ್ಲ. ಹೋಳಿಗೆ ಬಿಸಿ ಇತ್ತು.